ಭುಜ ಏಳದಿದ್ರೆ ಕ್ಯಾನ್ವಾಸ್ ಇಳೀಲಿ

ತಲೆ ಬಾಚೋಕೆ ಭುಜ, ಮೊಣಕೈ, ಮಣಿಕಟ್ಟು ಮೂರೂ ಒಟ್ಟಿಗೆ ತಿರುಗಬೇಕು ಅನ್ನೋದು ನಮಗೆ ಹೊಳೆದದ್ದೇ ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಬಗ್ಗೆ ಓದಿದಾಗ.

ಅವರು ಹುಟ್ಟಿದ್ದು 1841ರಲ್ಲಿ, ಲಿಮೋಜ್‌ನಲ್ಲಿ, ದರ್ಜಿಯ ಮಗನಾಗಿ. ಹುಡುಗನಾಗಿದ್ದಾಗಲೇ ಪಿಂಗಾಣಿ ಮೇಲೆ ಚಿತ್ರ ಬರೆಯೋ ಕೆಲಸ. ಆಮೇಲೆ ಮೊನೆ ಜೊತೆ ಇಂಪ್ರೆಷನಿಸ್ಟ್ ಆದದ್ದು ಗೊತ್ತೇ ಇದೆ, ಬಿಡಿ. ಐವತ್ತರ ಹೊತ್ತಿಗೆ ಸಂಧಿವಾತ ಶುರುವಾಯ್ತು. 1897ರಲ್ಲಿ ಸೈಕಲ್‌ನಿಂದ ಬಿದ್ದು ಬಲಗೈ ಮುರಿಯಿತು. ಬರಬರುತ್ತಾ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡವು, ಬಲಭುಜ ಬಿಗಿದುಹೋಯ್ತು. ಉಗುರು ಚುಚ್ಚದಿರಲಿ ಅಂತ ಅಂಗೈಗೆ ಬಟ್ಟೆ ಸುತ್ತಿ, ಬೆರಳ ಸಂದಿಗೆ ಬೇರೆಯವರು ಬ್ರಶ್ ಇಡಬೇಕಿತ್ತು. ಬ್ರಶ್ಶನ್ನ ಕೈಗೇ ಕಟ್ಟುತ್ತಿದ್ದರು ಅನ್ನೋದು ಬರೀ ಕಟ್ಟುಕಥೆ.

ಗಾಲಿಕುರ್ಚಿಯಲ್ಲಿ ಕೂತವರಿಗೆ ದೊಡ್ಡ ಕ್ಯಾನ್ವಾಸಿನ ಮೇಲ್ಭಾಗ ಎಟುಕೋದು ಹೇಗೆ? ಕ್ಯಾನ್ವಾಸನ್ನೇ ರೋಲರ್‌ಗಳಿಗೆ ಸುತ್ತಿ, ಹಿಡಿಕೆ ತಿರುಗಿಸಿ, ಬೇಕಾದ ಭಾಗವನ್ನ ಕೈಯೆದುರಿಗೆ ತರೋ ವ್ಯವಸ್ಥೆ ಮಾಡಿಕೊಂಡರು. ಭುಜ ಕಳಕೊಂಡ ಡಿಗ್ರಿ ಆಫ್ ಫ್ರೀಡಂ ಈಸೆಲ್‌ಗೆ ಬಂತು! ನಮ್ಮ ಪ್ರಾಜೆಕ್ಟ್‌ಗಳಲ್ಲಿ ಇಷ್ಟು ಸರಳವಾಗಿ ಯಾಕೆ ಯೋಚಿಸಲ್ಲವೋ. 1913ರಿಂದ ಶಿಲ್ಪಕ್ಕೂ ಇಳಿದರು: ಯೋಚನೆ ಅವರದು, ಮಣ್ಣು ಮೆತ್ತುವ ಕೈ ಯುವಕ ರಿಚರ್ಡ್ ಗಿನೋನದು.

1919ರ ಡಿಸೆಂಬರ್ 3ರಂದು ತೀರಿಕೊಂಡರು. ಸ್ನಾನದ ಹೆಂಗಸರನ್ನ ಬರೆದ ಅವರ ಕೊನೇ ದೊಡ್ಡ ಚಿತ್ರದ ಅಗಲ 160 ಸೆಂಟಿಮೀಟರ್.