‘ದೆವ್ವದ ನಕ್ಷತ್ರ’ದ ಗುಟ್ಟು ಹಿಡಿದ ಜಾನ್ ಗುಡ್ರಿಕ್

ಅಲ್ಗಾಲ್ ಎಂಬ ನಕ್ಷತ್ರಕ್ಕೆ ಹಿಂದಿನಿಂದಲೂ ಕೆಟ್ಟ ಹೆಸರು. ಅದರ ಅರಬ್ಬಿ ಹೆಸರು ದೆವ್ವದ ತಲೆ ಎಂಬ ಅರ್ಥದ್ದು. ಗ್ರೀಕರಿಗೆ ಅದು ವೀರ ಪರ್ಸಿಯಸ್ ಕೈಯಲ್ಲಿರುವ, ಹಾವಿನ ಕೂದಲಿನ ಮೆಡೂಸಾಳ ರುಂಡ. ಯುರೋಪಿನ ಜ್ಯೋತಿಷಿಗಳು ಅದನ್ನು ಅಪಶಕುನವೆಂದೇ ಎಣಿಸಿದರು. ಆ ನಕ್ಷತ್ರ ಆಗಾಗ ಮಂಕಾಗುವುದರ ಹಿಂದೆ ಒಂದು ಖಚಿತ ಲೆಕ್ಕವಿದೆ ಎಂದು ತೋರಿಸಿದವನು 18 ವರ್ಷದ, ಕಿವಿ ಕೇಳದ ಹುಡುಗ ಜಾನ್ ಗುಡ್ರಿಕ್.

ಗುಡ್ರಿಕ್ ಹುಟ್ಟಿದ್ದು 1764ರಲ್ಲಿ, ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ. ತಂದೆ ಇಂಗ್ಲೆಂಡಿನವರು, ತಾಯಿ ಡಚ್ಚರು. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಕಿವಿ ಹೋಯಿತು. ಕಿವುಡ ಮಕ್ಕಳಿಗೆ ಓದು ಹತ್ತುವುದಿಲ್ಲ ಎಂದು ಬಹಳ ಜನ ನಂಬಿದ್ದ ಕಾಲ ಅದು. ಮನೆಯವರು ಹಾಗೆಂದು ಕೈಬಿಡಲಿಲ್ಲ. ಎಡಿನ್‌ಬರೋದಲ್ಲಿ ಥಾಮಸ್ ಬ್ರೈಡ್‌ವುಡ್ ನಡೆಸುತ್ತಿದ್ದ ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಮುಂದೆ ಅವನು ವಾರಿಂಗ್ಟನ್ ಅಕಾಡೆಮಿಯಲ್ಲಿ ಓದಿದ.

1781ರಲ್ಲಿ ಯಾರ್ಕ್ ನಗರದ ಮನೆಗೆ ಮರಳಿದಾಗ ಖಗೋಳ ವೀಕ್ಷಕ ಎಡ್ವರ್ಡ್ ಪಿಗಟ್‌ನ ಸ್ನೇಹವಾಯಿತು. 1782ರ ನವೆಂಬರ್ 12ರ ರಾತ್ರಿ ಅಲ್ಗಾಲ್ ಎಂದಿಗಿಂತ ಮಂಕಾಗಿರುವುದು ಗುಡ್ರಿಕ್‌ನ ಕಣ್ಣಿಗೆ ಬಿತ್ತು. ಇಟಲಿಯ ಮೊಂಟನಾರಿ ನೂರು ವರ್ಷ ಮೊದಲೇ ಇದನ್ನು ಗಮನಿಸಿದ್ದ. ಆದರೆ ಅದರ ಲಯ ಹಿಡಿದವನು ಗುಡ್ರಿಕ್. ತಿಂಗಳುಗಟ್ಟಲೆ ಅಕ್ಕಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ನೋಡುತ್ತಾ ಹೋದ. ಅಲ್ಗಾಲ್ ಮಂಕಾಗುವುದು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ. ಅವನ ಲೆಕ್ಕ ಇದಕ್ಕೆ ಕೆಲವೇ ನಿಮಿಷಗಳಷ್ಟು ಹತ್ತಿರವಿತ್ತು.

1783ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಬರಹದಲ್ಲಿ ಅವನು ಎರಡು ಕಾರಣಗಳನ್ನು ಊಹಿಸಿದ. ಒಂದು, ಅಲ್ಗಾಲ್ ಅನ್ನು ಸುತ್ತುವ ದೊಡ್ಡ ಕಾಯವೊಂದು ಅದಕ್ಕೆ ಅಡ್ಡ ಬರುತ್ತಿರಬಹುದು. ಎರಡು, ನಕ್ಷತ್ರದ ಮೈಮೇಲೆ ಕಪ್ಪು ಕಲೆಗಳಿದ್ದು, ಅದು ತಿರುಗುವಾಗ ಅವು ನಮ್ಮ ಕಡೆ ಬರುತ್ತಿರಬಹುದು. ಅದೇ ವರ್ಷ ಸೊಸೈಟಿಯ ಕಾಪ್ಲಿ ಪದಕ ಅವನಿಗೆ ಬಂತು. 1784ರಲ್ಲಿ ಬೆಳಕು ಬದಲಾಗುವ ಇನ್ನೆರಡು ನಕ್ಷತ್ರಗಳನ್ನು, ಬೀಟಾ ಲೈರೆ ಮತ್ತು ಡೆಲ್ಟಾ ಸೆಫಿಯನ್ನು, ಗುರುತಿಸಿದ. 1786ರ ಏಪ್ರಿಲ್‌ನಲ್ಲಿ ಸೊಸೈಟಿ ಅವನನ್ನು ಸದಸ್ಯನಾಗಿ ಆರಿಸಿತು. ಕೆಲವೇ ದಿನಗಳಲ್ಲಿ, ಏಪ್ರಿಲ್ 20ರಂದು, ಗುಡ್ರಿಕ್ ತೀರಿಕೊಂಡ. ವಯಸ್ಸು ಬರೀ 21.

ಆಗಿನ ಯಾವ ದೂರದರ್ಶಕಕ್ಕೂ ಅಲ್ಗಾಲ್‌ನ ಜೊತೆಗಾರ ಕಾಣಿಸಲಿಲ್ಲ. 1889ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆದ ಮೇಲೆ ಮೊದಲ ಊಹೆ ನಿಜವೆಂದು ಖಚಿತವಾಯಿತು. ಅಲ್ಗಾಲ್ ಒಂದಲ್ಲ, ಜೋಡಿ. ಒಂದು ಬಹಳ ಬಿಸಿಯಾದ ನೀಲಿಬಿಳಿ ನಕ್ಷತ್ರ, ಇನ್ನೊಂದು ಅದಕ್ಕಿಂತ ತಣ್ಣನೆಯ, ಉಬ್ಬಿದ ನಕ್ಷತ್ರ. ತಣ್ಣನೆಯದು ಅಡ್ಡ ಬಂದಾಗ ಬೆಳಕು ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ಎರಡನೆಯ ಊಹೆಯೂ ಪೂರ್ತಿ ಸುಳ್ಳಾಗಲಿಲ್ಲ. ತಣ್ಣನೆಯ ನಕ್ಷತ್ರದ ಹೊರಪದರದಲ್ಲಿ ಅನಿಲ ನಮ್ಮ ಸೂರ್ಯನಲ್ಲಿ ಆಗುವಂತೆಯೇ ಕುದಿದು ಮೇಲೆ ಕೆಳಗೆ ಆಗುತ್ತಿರುತ್ತದೆ. ಸೂರ್ಯ ಒಂದು ಸುತ್ತು ತಿರುಗಲು ಸುಮಾರು 25 ದಿನ ಬೇಕು. ಇದು ಮೂರು ದಿನದೊಳಗೆ ತಿರುಗುತ್ತದೆ. ಹಾಗಾಗಿ ಪ್ರಬಲ ಕಾಂತಕ್ಷೇತ್ರ ಹುಟ್ಟಿ, ಸೂರ್ಯನ ಮೇಲಿನಂಥ ಕಲೆಗಳಿಗೂ ಅದಕ್ಕಿಂತ ಎಷ್ಟೋ ದೊಡ್ಡ ಜ್ವಾಲೆಗಳಿಗೂ ಕಾರಣವಾಗುತ್ತದೆ. ಹೆಚ್ಚು ಬಿಸಿಯಾದದ್ದೇ ಜ್ವಾಲೆ ಉಗುಳುತ್ತದೆ ಎಂದು ನಮಗೆ ಅನಿಸಬಹುದು. ಇಲ್ಲಿ ಉಗುಳುವುದು ತಣ್ಣನೆಯದು. ಬಿಸಿ ನಕ್ಷತ್ರದ ಹೊರಪದರದಲ್ಲಿ ಅಂಥ ಕುದಿತವಿಲ್ಲ.

1997ರಲ್ಲಿ ಬೆಪ್ಪೋಸ್ಯಾಕ್ಸ್ ಉಪಗ್ರಹ ಅಲ್ಗಾಲ್‌ನಲ್ಲಿ ಭಾರಿ ಎಕ್ಸ್-ರೇ ಜ್ವಾಲೆಯನ್ನು ಕಂಡಿತು. ಆ ಜ್ವಾಲೆ ಬಿಸಿ ನಕ್ಷತ್ರದ ಹಿಂದೆ ಮರೆಯಾಗಿ ಮತ್ತೆ ಕಾಣಿಸಿಕೊಂಡಿತು. ಆ ಗ್ರಹಣದ ಸಮಯವನ್ನು ಲೆಕ್ಕಹಾಕಿ, ಜ್ವಾಲೆ ಎದ್ದದ್ದು ತಣ್ಣನೆಯ ನಕ್ಷತ್ರದ ದಕ್ಷಿಣ ಧ್ರುವದ ಬಳಿ ಎಂದು ವಿಜ್ಞಾನಿಗಳು ಕಂಡುಕೊಂಡರು. ಗುಡ್ರಿಕ್ ಬರಿಗಣ್ಣಿನಿಂದ ಹಿಡಿದದ್ದು ತಣ್ಣನೆಯ ನಕ್ಷತ್ರ ಅಡ್ಡ ಬರುವ ಗ್ರಹಣ; ಅದೇ ಜೋಡಿಯಲ್ಲಿ ಬಿಸಿ ನಕ್ಷತ್ರ ಅಡ್ಡ ಬರುವ ಗ್ರಹಣ ಅವರಿಗೆ ಅಳತೆಗೋಲಾಯಿತು.

ಅಲ್ಗಾಲ್ ನಮ್ಮಿಂದ ಸುಮಾರು 90 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಜ್ವಾಲೆಯಿಂದಾಗಲಿ, ಮಂಕಿನಿಂದಾಗಲಿ ಯಾರಿಗೂ ಕೇಡಿಲ್ಲ. ಡಿಸೆಂಬರ್ ಸಂಜೆ ಕೃತ್ತಿಕೆಯಿಂದ ತುಸು ಉತ್ತರಕ್ಕೆ ಹುಡುಕಿದರೆ ನೀವೂ ನೋಡಬಹುದು.