ಶ್ರೀ ಶಿ. ಶಿ. ಬಸವನಾಳರು

ಹಳಿಯಾಳ, ದಾಂಡೇಲಿ, ಮುಂಡಗೋಡ ಸೀಮೆಯ ಮಕ್ಕಳಿಗೆ ಇಂದು ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವು ಸಮೀಪದಲ್ಲಿಯೇ ಇದೆ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮುನ್ನ ಪದವಿಯ ಓದೆಂದರೆ ಪುಣೆ, ಮುಂಬಯಿಗಳ ದಾರಿಯನ್ನೇ ಹಿಡಿಯಬೇಕಾಗಿತ್ತು. ಅಂಥ ಕಾಲದಲ್ಲಿ ಪದವೀಧರರಾದವರು ಶಿವಲಿಂಗಪ್ಪ ಶಿವಯೋಗಪ್ಪ ಬಸವನಾಳರು. 1893ರಲ್ಲಿ ಜನಿಸಿದ ಅವರು ಸರಕಾರದ ಹುದ್ದೆಯನ್ನರಸದೆ, ಆರು ಮಂದಿ ಸಂಗಡಿಗರೊಡನೆ 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯನ್ನು ತೆರೆದರು. ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ಮೊಳೆತದ್ದು ಹೀಗೆ.

ದಾನಿಗಳ ನೆರವು ದೊರೆತುದು ದಿಟ. ಗಿಲಗಂಚಿ, ಅರಟಾಳ ಮನೆತನಗಳ ಹೆಸರನ್ನು ಆ ಶಾಲೆಯು ಹೊತ್ತಿದೆ. ಆದರೆ ಅಲ್ಲಿ ಕಲಿಸುವವರೇ ಕಟ್ಟುವವರೂ ಆಗಿದ್ದರು. ಧನಕ್ಕಿಂತ ಮೊದಲು ತಮ್ಮ ಬಾಳನ್ನೇ ಅವರು ಸಲ್ಲಿಸಿದರು. ದಾಸೋಹವೆಂದರೆ ಅನ್ನವನ್ನಿಕ್ಕುವುದಷ್ಟೇ ಎಂದು ತಿಳಿದವರು ಇದನ್ನು ನೋಡಬೇಕು. 1933ರಲ್ಲಿ ಲಿಂಗರಾಜ ಕಾಲೇಜು ಬಂದಿತು. 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು. ಅದೇ 2015ರಲ್ಲಿ ವಿಶ್ವವಿದ್ಯಾಲಯವಾಯಿತು.

ಈ ಕಾಯಕದ ನಡುವೆಯೇ ಬಸವನಾಳರು ಬಸವಣ್ಣನವರ ಷಟ್‌ಸ್ಥಲದ ವಚನಗಳನ್ನು ಪರಿಷ್ಕರಿಸಿದರು. 1944ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1951ರಲ್ಲಿ ಲಿಂಗೈಕ್ಯರಾದರು.