ಡೆನಿಸ್ ರಿಚಿ

ಸುತ್ತಿಗೆಯನ್ನು ಮಾಡಲು ಕಮ್ಮಾರನಿಗೆ ಸುತ್ತಿಗೆಯೇ ಬೇಕು. ಮೊದಲನೆಯದನ್ನು ಆತ ಎರವಲು ತರಬೇಕಾಗುತ್ತದೆ. ಗಣಕಯಂತ್ರದ ಭಾಷೆಗಳ ಹುಟ್ಟೂ ಹೀಗೆಯೇ. ಮನುಷ್ಯನು ಬರೆದ ಆದೇಶಗಳನ್ನು ಯಂತ್ರಭಾಷೆಗೆ ಅನುವಾದಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಹೊಸ ಭಾಷೆಯ ಮೊದಲ ಕಂಪೈಲರನ್ನು ಸಾಮಾನ್ಯವಾಗಿ ಬೇರೊಂದು ಭಾಷೆಯ ನೆರವಿನಿಂದಲೇ ರಚಿಸುತ್ತಾರೆ. ಈ ಮಾರ್ಗದಲ್ಲಿ ಸಿ ಭಾಷೆಯನ್ನು ರೂಪಿಸಿದವರು ಡೆನಿಸ್ ರಿಚಿ.

1941ರಲ್ಲಿ ಅಮೆರಿಕದಲ್ಲಿ ಜನಿಸಿದ ರಿಚಿಯವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1967ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರ ಸಹೋದ್ಯೋಗಿ ಕೆನ್ ಥಾಂಪ್ಸನ್ನರು ಬಿ ಎಂಬ ಭಾಷೆಯ ಕಂಪೈಲರನ್ನು ಮೊದಲು ಟಿಎಂಜಿ ಎಂಬ ಬೇರೊಂದು ಭಾಷೆಯಲ್ಲಿ ರಚಿಸಿ, ಬಳಿಕ ಅದನ್ನು ಬಿ ಭಾಷೆಯಲ್ಲಿಯೇ ತಿರುಗಿ ಬರೆದಿದ್ದರು. 1971ರಿಂದ ರಿಚಿಯವರು ಆ ಬಿ ಭಾಷೆಯನ್ನು ಹಂತಹಂತವಾಗಿ ಬೆಳೆಸಿ ಸಿ ಭಾಷೆಯನ್ನಾಗಿಸಿದರು. ಒಂದು ಹಂತದ ಕಂಪೈಲರು ಮುಂದಿನದಕ್ಕೆ ಮೆಟ್ಟಿಲಾಯಿತು.

ಗಣಕಯಂತ್ರವನ್ನು ನಡೆಸುವ ಯೂನಿಕ್ಸ್ ವ್ಯವಸ್ಥೆಯು ಆಗ ಒಂದೇ ಬಗೆಯ ಯಂತ್ರಕ್ಕೆ ಕಟ್ಟುಬಿದ್ದಿತ್ತು. ಅದನ್ನು ಸಿ ಭಾಷೆಯಲ್ಲಿ ಬರೆಯಲು 1972ರಲ್ಲಿ ನಡೆದ ಯತ್ನ ವಿಫಲವಾಯಿತು. ಭಾಷೆಯ ಕೊರತೆಯನ್ನು ರಿಚಿಯವರು ತುಂಬಿದ ಮೇಲೆ, 1973ರಲ್ಲಿ ಆ ಕಾರ್ಯ ಕೈಗೂಡಿತು. ಮುಂದೆ ಯೂನಿಕ್ಸ್ ಅನ್ಯ ಯಂತ್ರಗಳಲ್ಲಿಯೂ ನಡೆಯಿತು. 1983ರಲ್ಲಿ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಲಭಿಸಿತು.

ರಿಚಿಯವರು 2011ರಲ್ಲಿ ನಿಧನರಾದರು. ಅನ್ಯರ ನೆರವಿನಿಂದ ಹುಟ್ಟಿದ ಸಿ ಭಾಷೆ ಅನೇಕ ಹೊಸ ಭಾಷೆಗಳಿಗೆ ತಾನೇ ನೆರವಾಗಿದೆ. ಪಡೆದ ಉಪಕಾರವನ್ನು ಮುಂದಿನವರಿಗೆ ಸಲ್ಲಿಸುವುದೇ ವಿದ್ಯೆಯ ಋಣವನ್ನು ತೀರಿಸುವ ಬಗೆ.